ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಏನೇನು ಮಾಡಿಟ್ಟುಕೊಳ್ಳಬೇಕು

ಆಪರೇಷನ್ ತಾರೀಖು ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಆಸ್ಪತ್ರೆಗೆ ಏನೇನು ತಗೊಂಡು ಹೋಗಬೇಕು ಅಂತ. ಬ್ಯಾಗ್ ತುಂಬಿಸುವುದು ಅರ್ಧ ಗಂಟೆ ಕೆಲಸ, ಹಿಂದಿನ ದಿನ ಮಾಡಿದರೂ ಆಗುತ್ತದೆ. ಆಪರೇಷನ್ ಆದ ಮೇಲೆ ಕೆಲವು ದಿನ ಒಂದು ಕೈ ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ, ನೋವಿನ ಮಾತ್ರೆಗೆ ತಲೆ ಮಂಕಾಗಿರುತ್ತದೆ, ಪಕ್ಕದಲ್ಲಿ ಒಂದು ಟ್ಯೂಬ್ ಬೇರೆ ನೇತಾಡುತ್ತಿರಬಹುದು. ಆಗ ಮಾಡಲಿಕ್ಕಾಗದ್ದು, ಆಗ ಕೇಳಲಿಕ್ಕೆ ತೋಚದ್ದು ಏನೇನಿದೆಯೋ ಅದನ್ನೆಲ್ಲ ಈಗಲೇ ಮುಗಿಸಿಕೊಳ್ಳಬೇಕು. ತಯಾರಿ ಅಂದರೆ ಅಷ್ಟೇ.

ನಾನು ಡಾಕ್ಟರ್ ಅಲ್ಲ. ಅಕ್ಕನ ಆಪರೇಷನ್ ಸಮಯದಲ್ಲಿ ಮೊದಲಿಂದ ಕೊನೆವರೆಗೆ ಜೊತೆಗಿದ್ದವಳು, ಆಮೇಲೆ ಇದರ ಬಗ್ಗೆ ಸಾಕಷ್ಟು ಓದಿಕೊಂಡವಳು. ನಾನು ಬರೆದಿದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ವ್ಯತ್ಯಾಸ ಇದ್ದರೆ ಅವರು ಹೇಳಿದ್ದನ್ನೇ ಕೇಳಿ. ಮತ್ತೆ, ಇದು ಹೆಂಗಸರಿಗೆ ಬರುವ ಕಾಯಿಲೆ ಅಂತ ಬರೆಯುತ್ತಿದ್ದೇನೆ, ಆದರೆ ಸುಮಾರು 100 ಜನ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಒಬ್ಬರು ಗಂಡಸರು. ಅವರಿಗೂ ಇದರಲ್ಲಿ ಹೆಚ್ಚಿನದೆಲ್ಲ ಅನ್ವಯಿಸುತ್ತದೆ.

ಯಾವ ಆಪರೇಷನ್ ಅಂತ ಮೊದಲು ಸರಿಯಾಗಿ ತಿಳಿದುಕೊಳ್ಳಿ

ಗಡ್ಡೆ ಮತ್ತು ಅದರ ಸುತ್ತ ಒಂದಿಷ್ಟು ಚೆನ್ನಾಗಿರುವ ಭಾಗ ಮಾತ್ರ ತೆಗೆದು ಸ್ತನ ಉಳಿಸಿದರೆ ಅದು ಲಂಪೆಕ್ಟಮಿ. ಪೂರ್ತಿ ಸ್ತನ ತೆಗೆದರೆ ಮ್ಯಾಸ್ಟೆಕ್ಟಮಿ. ಇದೆರಡು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಎರಡರ ಜೊತೆಗೂ ಸಾಮಾನ್ಯವಾಗಿ ಕಂಕುಳಲ್ಲೂ ಒಂದು ಕೆಲಸ ಇರುತ್ತದೆ, ಅದರ ಬಗ್ಗೆ ಕೇಳುವುದನ್ನೇ ಜನ ಮರೆತುಬಿಡುತ್ತಾರೆ. ಆಮೇಲೆ ಬರುವ ಜೋಮು, ಕೈ ಎತ್ತಲಿಕ್ಕಾಗದ ಬಿಗಿತ, ಕೈ ಊತ, ಇವೆಲ್ಲ ಹೆಚ್ಚಾಗಿ ಆ ಕಂಕುಳಿನ ಕೆಲಸದಿಂದಲೇ ಬರುವುದು.

"ಪೂರ್ತಿ ತೆಗೆಸಿಬಿಟ್ಟರೆ ತಲೆನೋವೇ ಇಲ್ಲ ಅಲ್ವಾ?" ಅಂತ ಮನೆಯಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ. ಇದಕ್ಕೆ ಉತ್ತರ ಸಿಕ್ಕಿ ಬಹಳ ವರ್ಷ ಆಯಿತು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ತಂಡ, ಇಟಲಿಯಲ್ಲಿ ಉಂಬರ್ಟೊ ವೆರೊನೇಸಿ ತಂಡ, ಸ್ತನ ಉಳಿಸಿ ರೇಡಿಯೇಷನ್ ಕೊಟ್ಟವರನ್ನೂ ಪೂರ್ತಿ ತೆಗೆಸಿಕೊಂಡವರನ್ನೂ 20 ವರ್ಷ ಹಿಂಬಾಲಿಸಿ ನೋಡಿದರು. ಎರಡೂ ತಂಡದ ಫಲಿತಾಂಶ 2002ರಲ್ಲಿ ಬಂತು. ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ. ಸ್ತನ ಉಳಿಸಿಕೊಂಡರೆ ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ಸಾಮಾನ್ಯವಾಗಿ ರೇಡಿಯೇಷನ್ ಬೇಕು, ಕೆಲವರಿಗೆ ಅಂಚು ಸ್ವಚ್ಛ ಇಲ್ಲ (ತೆಗೆದ ಭಾಗದ ಅಂಚಲ್ಲಿ ಇನ್ನೂ ಕ್ಯಾನ್ಸರ್ ಇದೆ) ಅಂತ ಎರಡನೇ ಸಲ ಆಪರೇಷನ್ ಬೇಕಾಗುತ್ತದೆ. ಇದೆಲ್ಲ ತಿಳಿದುಕೊಂಡು ಪೂರ್ತಿ ತೆಗೆಸುತ್ತೇನೆ ಅಂದರೆ ಅದೂ ಸರಿಯೇ. ಹೆದರಿಕೆಯಿಂದ, ಇಲ್ಲ ನೆಂಟರ ಒತ್ತಾಯದಿಂದ ತೆಗೆಸಿಕೊಳ್ಳಬೇಡಿ ಅಂತ ಮಾತ್ರ ನನ್ನ ಮಾತು. ಇನ್ನು ಕೆಲವರಿಗೆ ಆಯ್ಕೆಯೇ ಇರುವುದಿಲ್ಲ. ಗಡ್ಡೆ ಸ್ತನದ ಬೇರೆ ಬೇರೆ ಮೂಲೆಯಲ್ಲಿದ್ದರೆ, ಸ್ತನದ ಅಳತೆಗೆ ಗಡ್ಡೆ ತುಂಬಾ ದೊಡ್ಡದಿದ್ದರೆ, ಆ ಜಾಗಕ್ಕೆ ಮುಂಚೆ ರೇಡಿಯೇಷನ್ ಆಗಿದ್ದರೆ ಪೂರ್ತಿ ತೆಗೆಯಬೇಕು ಅನ್ನುತ್ತಾರೆ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಬಿಆರ್‌ಸಿಎ ಟೆಸ್ಟ್ (ವಂಶದಲ್ಲಿ ಬರುವ ಜೀನ್ ದೋಷ ಇದೆಯಾ ಅಂತ ನೋಡುವುದು) ಬೇಕಾ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿ. ಅದರ ಫಲಿತಾಂಶದಿಂದ ಯಾವ ಆಪರೇಷನ್ ಅನ್ನುವ ತೀರ್ಮಾನವೇ ಬದಲಾಗಬಹುದು, ಆಮೇಲೆ ಗೊತ್ತಾಗಿ ಪ್ರಯೋಜನ ಕಡಿಮೆ.

ಈಗ ಕಂಕುಳಿನ ವಿಷಯ. ಕ್ಯಾನ್ಸರ್ ಸ್ತನದಿಂದ ಹೊರಟರೆ ಸಾಮಾನ್ಯವಾಗಿ ಮೊದಲು ಹೋಗಿ ಸೇರುವುದು ಕಂಕುಳಿನ ಒಂದೆರಡು ಲಿಂಫ್ ಗ್ರಂಥಿಗಳಿಗೆ. ಅವುಗಳನ್ನು ಮಾತ್ರ ಹುಡುಕಿ ತೆಗೆದು ನೋಡುವುದೇ ಸೆಂಟಿನೆಲ್ ನೋಡ್ ಬಯಾಪ್ಸಿ. ಹುಡುಕಲಿಕ್ಕೆ ನೀಲಿ ಬಣ್ಣ, ಇಲ್ಲ ಸ್ವಲ್ಪವೇ ಸ್ವಲ್ಪ ರೇಡಿಯೋಆಕ್ಟಿವ್ ಔಷಧಿ, ಇಲ್ಲ ಎರಡನ್ನೂ ಸ್ತನಕ್ಕೆ ಚುಚ್ಚುತ್ತಾರೆ. ನೀಲಿ ಬಣ್ಣ ಹಾಕಿದರೆ ಆಮೇಲೆ ಒಂದೆರಡು ದಿನ ಮೂತ್ರ ಹಸಿರು-ನೀಲಿಯಾಗಿ ಹೋಗುತ್ತದೆ, ಚುಚ್ಚಿದ ಜಾಗದ ಚರ್ಮ ವಾರಗಟ್ಟಲೆ ನೀಲಿಯಾಗಿಯೇ ಇರಬಹುದು. ಮೊದಲೇ ಗೊತ್ತಿದ್ದರೆ ಬಾತ್‌ರೂಮಿನಲ್ಲಿ ಗಾಬರಿಯಾಗುವುದಿಲ್ಲ. ಗ್ರಂಥಿಗಳನ್ನು ಗುಂಪಾಗಿ ತೆಗೆಯುವುದು ಆಕ್ಸಿಲರಿ ಕ್ಲಿಯರೆನ್ಸ್, ಇದರಲ್ಲಿ ಕೈ ಊತದ ಅಪಾಯ ಸೆಂಟಿನೆಲ್‌ಗಿಂತ ಜಾಸ್ತಿ. ಹಾಗಾಗಿ ನಿಮಗೆ ಇದೆರಡರಲ್ಲಿ ಯಾವುದು, ಯಾಕೆ ಅಂತ ಬಾಯಿಬಿಟ್ಟು ಕೇಳಿ.

ಕಿಮೊ ಮೊದಲು ಆಗಿ ಆಪರೇಷನ್ ಆಮೇಲೆ ಇದ್ದರೆ ಗಡ್ಡೆ ಕರಗಿ ಕಾಣಿಸದ ಹಾಗೆಯೇ ಆಗಿಬಿಡಬಹುದು. ಅದು ಖುಷಿಯ ವಿಷಯವೇ, ಆದರೆ ಎಲ್ಲಿ ಕೊಯ್ಯಬೇಕು ಅಂತ ಗೊತ್ತಾಗಬೇಕಲ್ಲ! ಅದಕ್ಕೇ ಕಿಮೊಗೆ ಮುಂಚೆ ಅಥವಾ ನಡುವೆ ಗಡ್ಡೆಯೊಳಗೆ ಒಂದು ಸಣ್ಣ ಲೋಹದ ಕ್ಲಿಪ್ ಕೂರಿಸುತ್ತಾರೆ. ನಿಮಗೆ ಅದನ್ನು ಹಾಕಿದ್ದಾರಾ ಅಂತ ಕೇಳಿ. ಕೈಗೆ ಸಿಗದಷ್ಟು ಚಿಕ್ಕ ಗಡ್ಡೆಯಾದರೆ ಆಪರೇಷನ್ ದಿನ ಬೆಳಿಗ್ಗೆ ಸ್ಕ್ಯಾನ್ ನೋಡಿಕೊಂಡು ತೆಳುವಾದ ತಂತಿ ಹಾಕುತ್ತಾರೆ. ಜಾಗ ಮರಗಟ್ಟಿಸಿಯೇ ಹಾಕುವುದು, ಹಾಗಾಗಿ ನೋವಿಗಿಂತ ಕಿರಿಕಿರಿಯೇ ಜಾಸ್ತಿ.

ಡಾಕ್ಟರ್ ಹತ್ತಿರ ಹೋಗುವಾಗ

ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಜೊತೆಗೆ ಬರೆದುಕೊಳ್ಳುವವರನ್ನೂ ಕರೆದುಕೊಂಡು ಹೋಗಿ. ಕ್ಯಾನ್ಸರ್ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದ್ದು ಅರ್ಧ ಕೇಳಿಸುವುದೇ ಇಲ್ಲ. ಒಪ್ಪಿಗೆ ಕೇಳಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಏನು ಕೇಳಬೇಕು? "ನನ್ನ ಗಡ್ಡೆ ಎಷ್ಟು ದೊಡ್ಡದು, ಯಾವ ಹಂತ, ಹಾರ್ಮೋನ್ ರಿಸೆಪ್ಟರ್ ಮತ್ತು ಹರ್-2 ಪಾಸಿಟಿವಾ ನೆಗೆಟಿವಾ?" ರಿಸೆಪ್ಟರ್ ಮತ್ತು ಹರ್-2 ಅಂದರೆ ಯಾವ ಔಷಧಿ ಕೆಲಸ ಮಾಡಬಹುದು ಅಂತ ತಿಳಿಸುವ ಗಡ್ಡೆಯ ಗುಣಗಳು, ಅವು ಬಯಾಪ್ಸಿ ರಿಪೋರ್ಟ್‌ನಲ್ಲಿ ಇರುತ್ತವೆ, ಕಾಪಿ ತೆಗೆದುಕೊಳ್ಳಿ. "ಆಪರೇಷನ್ ಮೊದಲಾ, ಕಿಮೊ ಮೊದಲಾ, ಯಾಕೆ?" "ಕಂಕುಳಲ್ಲಿ ಕ್ಯಾನ್ಸರ್ ಸಿಕ್ಕಿದರೆ ಅಲ್ಲಿಯೇ ಇನ್ನೂ ತೆಗೆಯುತ್ತೀರಾ, ಅಥವಾ ಎದ್ದ ಮೇಲೆ ನನ್ನನ್ನು ಕೇಳುತ್ತೀರಾ?" ಈ ಪ್ರಶ್ನೆ ಬಹಳ ಮುಖ್ಯ, ಯಾಕೆಂದರೆ ನೀವು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಅದಕ್ಕೂ ಸೇರಿಸಿಯೇ ಬರೆದಿರಬಹುದು. "ಕೊಯ್ದ ಗುರುತು ಎಲ್ಲಿ ಬರುತ್ತದೆ, ಎಷ್ಟುದ್ದ?" ಇದನ್ನು ಕೇಳಲಿಕ್ಕೆ ಎಷ್ಟೋ ಜನಕ್ಕೆ ಸಂಕೋಚ. ಜೀವದ ಪ್ರಶ್ನೆ ಇರುವಾಗ ಅಂದಚಂದ ಯಾಕೆ ಅನ್ನುವವರು ಇದ್ದೇ ಇರುತ್ತಾರೆ. ಮೈ ನಿಮ್ಮದು, ಕೇಳಿ. ಪೆನ್ನು ತೆಗೆದುಕೊಂಡು ಒಂದು ಚಿತ್ರ ಬರೆದು ತೋರಿಸಿ ಅಂದರೆ ಹೆಚ್ಚಿನ ಸರ್ಜನ್‌ಗಳು ಖುಷಿಯಿಂದಲೇ ತೋರಿಸುತ್ತಾರೆ.

ಮ್ಯಾಸ್ಟೆಕ್ಟಮಿ ಆಗುವುದಾದರೆ ಸ್ತನ ಮತ್ತೆ ಕಟ್ಟಿಸಿಕೊಳ್ಳುವ ಮಾತನ್ನೂ ಈಗಲೇ ಆಡಬೇಕು, ಬೇಡ ಅಂತ ಅನಿಸಿದರೂ. ಯಾಕೆಂದರೆ ಎಷ್ಟು ಚರ್ಮ ಉಳಿಸಬೇಕು ಅನ್ನುವುದು ಅದರ ಮೇಲೆ ಹೋಗುತ್ತದೆ. ಅದೇ ಆಪರೇಷನ್‌ನಲ್ಲಿ ಮಾಡಿಸಬಹುದು, ಎಷ್ಟೋ ತಿಂಗಳ ಮೇಲೂ ಮಾಡಿಸಬಹುದು. ಇಂಪ್ಲಾಂಟ್ ಹಾಕುವುದು ಒಂದು ದಾರಿ. ಹೊಟ್ಟೆಯಿಂದಲೋ ಬೆನ್ನಿಂದಲೋ ಮಾಂಸ ತಂದು ಕಟ್ಟುವುದು ಇನ್ನೊಂದು, ಇದರಲ್ಲಿ ಆಪರೇಷನ್ ಸಮಯವೂ ಸುಧಾರಿಸಿಕೊಳ್ಳುವ ಸಮಯವೂ ತುಂಬಾ ಜಾಸ್ತಿ, ಗಾಯವೂ ಎರಡು ಕಡೆ. ಮುಂದೆ ರೇಡಿಯೇಷನ್ ಇದೆ ಅಂದರೆ ಇಂಪ್ಲಾಂಟ್‌ಗೆ ತೊಂದರೆ ಬರುವ ಸಾಧ್ಯತೆ ಹೆಚ್ಚು, ಅದನ್ನು ಕೇಳಿ ತಿಳಿದುಕೊಳ್ಳಿ. ಏನೂ ಬೇಡ, ಎದೆ ಸಮತಟ್ಟಾಗಿ ಇದ್ದರೆ ಸಾಕು ಅನ್ನುವವರು "ಹೆಚ್ಚಿನ ಚರ್ಮ ಜೋತು ಬೀಳದ ಹಾಗೆ ನೀಟಾಗಿ ಹೊಲಿಯಿರಿ" ಅಂತ ಮೊದಲೇ ಹೇಳಬೇಕು. ಹೇಳದಿದ್ದರೆ ಮುಂದೆ ಕಟ್ಟಿಸಿಕೊಳ್ಳಬಹುದು ಅಂತ ಸರ್ಜನ್ ಚರ್ಮ ಬಿಟ್ಟಿರಬಹುದು.

ಇನ್ನೊಬ್ಬ ಡಾಕ್ಟರ್ ಹತ್ತಿರ ಅಭಿಪ್ರಾಯ ಕೇಳಬೇಕು ಅಂತ ಅನಿಸಿದರೆ ಕೇಳಿ, ಅದರಿಂದ ಯಾರಿಗೂ ಅವಮಾನ ಇಲ್ಲ. ನಾಳೆಯೇ ಆಪರೇಷನ್ ಆಗದಿದ್ದರೆ ಮೈಯೆಲ್ಲ ಹರಡಿಬಿಡುತ್ತದೆ ಅನ್ನುವ ಭಯ ಎಲ್ಲರಿಗೂ ಬರುತ್ತದೆ. ಯೋಚನೆ ಮಾಡಲಿಕ್ಕೆ ಒಂದೆರಡು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ನಿಮ್ಮ ವಿಷಯದಲ್ಲಿ ಎಷ್ಟು ದಿನ ಕಾಯಬಹುದು ಅಂತ ನೇರವಾಗಿ ಕೇಳಿಬಿಡಿ. ಹಾಗಂತ ತಿಂಗಳುಗಟ್ಟಲೆ ಎಳೆಯುವುದು ಬೇಡ.

ಮಾತ್ರೆಗಳ ಪಟ್ಟಿ

ನೀವು ನುಂಗುವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ, ಇಲ್ಲವೇ ಡಬ್ಬಿ-ಚೀಟಿಗಳ ಫೋಟೋ ತೆಗೆದುಕೊಳ್ಳಿ. ಎಲ್ಲ ಅಂದರೆ ಎಲ್ಲ. ವಿಟಮಿನ್, ಮೀನೆಣ್ಣೆ ಕ್ಯಾಪ್ಸೂಲ್, ಗಿಡಮೂಲಿಕೆ ಪುಡಿ, ಯಾರೋ ಒಳ್ಳೆಯದು ಅಂತ ಕೊಟ್ಟ ಕಷಾಯ, ನಿದ್ದೆ ಮಾತ್ರೆ. ಇವೆಲ್ಲ "ಔಷಧಿ ಅಲ್ಲ" ಅಂತ ನಾವು ಹೇಳುವುದೇ ಇಲ್ಲ, ಆದರೆ ಇದರಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಕೆಲವು ಅನಸ್ತೇಶಿಯಾ (ಅರಿವಳಿಕೆ) ಜೊತೆ ಹೊಂದುವುದಿಲ್ಲ.

ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಥರದ ರಕ್ತ ತೆಳುಮಾಡುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕಾ ಅನ್ನುವುದನ್ನು ಡಾಕ್ಟರೇ ಹೇಳಬೇಕು. ನೀವಾಗಿ ನಿಲ್ಲಿಸಬೇಡಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಂತೂ ನಿಲ್ಲಿಸಲೇಬೇಡಿ. ಶುಗರ್ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಇರುವುದನ್ನು ಸಾಮಾನ್ಯವಾಗಿ 3-4 ದಿನ ಮುಂಚೆಯೇ ನಿಲ್ಲಿಸಲಿಕ್ಕೆ ಹೇಳುತ್ತಾರೆ. ಹಾಗಾಗಿ ಹಿಂದಿನ ದಿನ ಕೇಳಿದರೆ ತಡವಾಗುತ್ತದೆ. ತೂಕ ಇಳಿಸಲಿಕ್ಕೆ ಅಥವಾ ಶುಗರ್‌ಗೆ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಹೊಟ್ಟೆ ಬೇಗ ಖಾಲಿಯಾಗದ ಹಾಗೆ ಅದು ಮಾಡುತ್ತದೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಮುಚ್ಚಿಡಬೇಡಿ. ಗ್ರಂಥಿ ಹುಡುಕಲಿಕ್ಕೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬಳಸುವುದಾದರೆ ಅದಕ್ಕೂ ಕೆಲವು ಖಿನ್ನತೆಯ ಮಾತ್ರೆಗೂ ಆಗಿಬರುವುದಿಲ್ಲ. ಬಿಪಿ, ಥೈರಾಯ್ಡ್ ಮಾತ್ರೆಗಳಲ್ಲಿ ಯಾವುದನ್ನು ಆ ದಿನ ಬೆಳಿಗ್ಗೆ ಒಂದು ಗುಟುಕು ನೀರಲ್ಲಿ ನುಂಗಬೇಕು ಅಂತ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ.

ಅನಸ್ತೇಶಿಯಾ ಡಾಕ್ಟರ್ ನೋಡಲಿಕ್ಕೆ ಕರೆದಾಗ ಹೇಳಬೇಕಾದ್ದು: ಹಿಂದಿನ ಆಪರೇಷನ್ ಆದಾಗ ವಾಂತಿ ಆಗಿತ್ತಾ, ಮನೆಯವರಲ್ಲಿ ಯಾರಿಗಾದರೂ ಅನಸ್ತೇಶಿಯಾದಿಂದ ಅಪಾಯ ಆಗಿತ್ತಾ, ಅಲುಗಾಡುವ ಹಲ್ಲು ಇದೆಯಾ, ಜೋರಾಗಿ ಗೊರಕೆ ಹೊಡೆಯುತ್ತೀರಾ, ಯಾವುದಕ್ಕಾದರೂ ಅಲರ್ಜಿ ಇದೆಯಾ. ವಾಂತಿ ಆಗಿತ್ತು ಅಂತ ಹೇಳಿದರೆ ಮೊದಲೇ ಅದಕ್ಕೆ ಔಷಧಿ ಕೊಡುತ್ತಾರೆ. ಎದೆ ಭಾಗವನ್ನು ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ ಕೊಡುತ್ತೀರಾ ಅಂತಲೂ ಕೇಳಿ, ಅದು ಕೊಟ್ಟರೆ ಎಚ್ಚರವಾದ ಮೇಲಿನ ಮೊದಲ ಕೆಲವು ಗಂಟೆ ಸಲೀಸು.

ಸಿಗರೇಟು, ಹೊಗೆಸೊಪ್ಪು ಬಳಸುವವರು ಇವತ್ತೇ ಬಿಡಿ. ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯ ಮಾಯುವುದಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದು, ಅಷ್ಟು ಸಮಯ ಇಲ್ಲದಿದ್ದರೂ ಬಿಡಿ. ಸ್ತನ ಕಟ್ಟಿಸಿಕೊಳ್ಳುವವರಿಗಂತೂ ಇದು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ, ರಕ್ತ ಸರಿಯಾಗಿ ಹರಿಯದೆ ಚರ್ಮ ಕಪ್ಪಾಗಿ ಹೋಗುವ ಅಪಾಯ ಇದೆ.

ಕೈಯನ್ನು ಈಗಲೇ ಪಳಗಿಸಿ

ಇದನ್ನು ಯಾರೂ ಹೇಳುವುದಿಲ್ಲ, ಹೇಳಿದರೂ ಆಪರೇಷನ್ ಆದ ಮೇಲೆ ಹೇಳುತ್ತಾರೆ. ಗೋಡೆಗೆ ಮುಖ ಮಾಡಿ ನಿಂತು, ಆಪರೇಷನ್ ಆಗುವ ಬದಿಯ ಕೈಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಹೆಜ್ಜೆಯಾಗಿ ಮೇಲಕ್ಕೆ ನಡೆಸಿ. ಪೂರ್ತಿ ಚಾಚಿದಾಗ ನಡುಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಪಕ್ಕಕ್ಕೆ ನಿಂತು ಇನ್ನೊಂದು ಗೀಟು ಹಾಕಿ. ಆಪರೇಷನ್ ಆದ ಮೇಲೆ ನೀವು ವಾಪಸ್ ಹೋಗಿ ಮುಟ್ಟಬೇಕಾದ ಗುರಿ ಇದೇ. ಸುಮ್ನೆ "ಕೈ ಸ್ವಲ್ಪ ಬಿಗಿ ಅನಿಸುತ್ತೆ" ಅಂತ ಹೇಳುವುದಕ್ಕಿಂತ "ಇನ್ನೂ ಒಂದು ಗೇಣು ಕೆಳಗಿದೆ" ಅಂತ ಹೇಳಿದರೆ ಫಿಸಿಯೋಥೆರಪಿಸ್ಟ್‌ಗೂ ಅರ್ಥವಾಗುತ್ತದೆ. ರೇಡಿಯೇಷನ್ ಇದ್ದರೆ ಕೈಯನ್ನು ತಲೆಯ ಮೇಲೆ ಎತ್ತಿ ಅಲ್ಲಾಡದೆ ಮಲಗಬೇಕಾಗುತ್ತದೆ, ಆಗ ಈ ಕೈ ಬೇಕೇ ಬೇಕು.

ಭುಜ ತಿರುಗಿಸುವುದು, ಮೊಣಕೈ ಮಡಚಿ ಬಿಚ್ಚುವುದು, ಮುಷ್ಟಿ ಹಿಡಿದು ಬಿಡುವುದು, ಇಂಥ ವ್ಯಾಯಾಮಗಳನ್ನು ಈಗಲೇ ಕಲಿತುಬಿಡಿ. ಆಪರೇಷನ್ ಆದ ಮೇಲೆ ಮೊದಲ ದಿನಗಳಲ್ಲಿ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ ಅಂತ ಹೆಚ್ಚಿನವರು ಹೇಳುತ್ತಾರೆ, ಡ್ರೇನ್ (ಗಾಯದೊಳಗಿನ ದ್ರವ ಹೊರತರುವ ಟ್ಯೂಬ್) ಇದ್ದರೆ ಅದನ್ನು ತೆಗೆಯುವವರೆಗೆ ಅಂತಲೂ ಹೇಳಬಹುದು. ಯಾವಾಗ ಏನು ಶುರು ಮಾಡಬೇಕು ಅಂತ ಬರೆದಿರುವ ಹಾಳೆ ಕೇಳಿ ಇಸಿದುಕೊಳ್ಳಿ. ನೋವಾಗುತ್ತದೆ ಅಂತ ಕೈಯನ್ನು ಮೈಗೆ ಅಂಟಿಸಿಕೊಂಡೇ ಕೂರುವುದು ಎಲ್ಲರೂ ಮಾಡುವ ತಪ್ಪು, ಭುಜ ಹಿಡಿದುಕೊಂಡುಬಿಡುತ್ತದೆ. ದಿನಾ ನಡೆಯುವ ಅಭ್ಯಾಸವನ್ನೂ ಈಗಲೇ ಶುರು ಮಾಡಿ, ವೇಗ ಮುಖ್ಯ ಅಲ್ಲ.

ಇನ್ನೊಂದು ಪ್ರಯೋಗ. ಮನೆಯಲ್ಲಿ ಒಂದು ಬೆಳಿಗ್ಗೆ ಆ ಬದಿಯ ಕೈಯನ್ನು ಬಳಸದೆ ಕೆಲಸ ಮಾಡಿ ನೋಡಿ. ಹಲ್ಲುಜ್ಜಿ, ತಲೆ ಬಾಚಿ, ಬಾಟಲಿ ಮುಚ್ಚಳ ತೆಗೆಯಿರಿ, ಶೌಚಕ್ಕೆ ಹೋಗಿ ಬನ್ನಿ, ಬಟ್ಟೆ ಹಾಕಿಕೊಳ್ಳಿ. ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ. ಬಲಗೈಯವರಿಗೆ ಬಲಬದಿಯ ಆಪರೇಷನ್ ಆದರೆ ಇದು ಇನ್ನೂ ಮುಖ್ಯ. ನಿಮಗೆ ಯಾವುದಕ್ಕೆ ಸಹಾಯ ಬೇಕು ಅನ್ನುವ ಪಟ್ಟಿ ಹೀಗೆ ಸಿಕ್ಕಿದ್ದೇ ಸರಿಯಾದದ್ದು.

ಡ್ರೇನ್ ಅಂದರೆ ಏನು, ಹೇಗೆ ನೋಡಿಕೊಳ್ಳುವುದು

ಬರೀ ಲಂಪೆಕ್ಟಮಿ ಆದವರಿಗೆ ಹೆಚ್ಚಾಗಿ ಡ್ರೇನ್ ಇರುವುದಿಲ್ಲ. ಮ್ಯಾಸ್ಟೆಕ್ಟಮಿ ಅಥವಾ ಕಂಕುಳಿನ ಕ್ಲಿಯರೆನ್ಸ್ ಆದವರಿಗೆ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತದೆ. ಕಂಕುಳ ಕೆಳಗೆ ಪಕ್ಕದಲ್ಲಿ ಸಣ್ಣ ತೂತಿನಿಂದ ತೆಳುವಾದ ಟ್ಯೂಬ್ ಹೊರಬಂದಿರುತ್ತದೆ, ಒಂದು ಹೊಲಿಗೆ ಹಾಕಿ ಚರ್ಮಕ್ಕೆ ಕಟ್ಟಿರುತ್ತಾರೆ. ತುದಿಯಲ್ಲಿ ಮೆತ್ತಗಿನ ಪ್ಲಾಸ್ಟಿಕ್ ಬುರುಡೆ. ಅದನ್ನು ಅಮುಕಿ ಚಪ್ಪಟೆ ಮಾಡಿ ಮುಚ್ಚಳ ಹಾಕಿದರೆ ಒಳಗಿಂದ ನೀರು ಎಳೆದುಕೊಳ್ಳುತ್ತದೆ. ಆಪರೇಷನ್ ಆದ ಜಾಗದಲ್ಲಿ ದ್ರವ ನಿಂತು ಊದಿಕೊಳ್ಳದಿರಲಿ ಅಂತ ಈ ಏರ್ಪಾಡು.

ಇದನ್ನು ಹಿಡಿದುಕೊಂಡೇ ಮನೆಗೆ ಕಳಿಸುತ್ತಾರೆ ಅಂತ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಖಾಲಿ ಮಾಡುವುದು ಹೀಗೆ. ಸೋಪು ಹಾಕಿ ಕೈ ತೊಳೆಯಿರಿ. ಮೊದಲು ಟ್ಯೂಬ್ ಸವರಬೇಕು: ಚರ್ಮದ ಹತ್ತಿರ ಒಂದು ಕೈಯಲ್ಲಿ ಟ್ಯೂಬನ್ನು ಗಟ್ಟಿಯಾಗಿ ಹಿಡಿದು, ಎಳೆತ ಹೊಲಿಗೆಗೆ ಬೀಳದ ಹಾಗೆ, ಇನ್ನೊಂದು ಕೈಯ ಎರಡು ಬೆರಳಲ್ಲಿ ಒತ್ತಿಕೊಂಡು ಬುರುಡೆಯ ಕಡೆಗೆ ಜಾರಿಸುತ್ತಾ ಹೋಗಿ. ಕಟ್ಟಿಕೊಂಡ ಸಣ್ಣ ರಕ್ತದ ಎಳೆಗಳು ಮುಂದೆ ಹೋಗುತ್ತವೆ. ಇದನ್ನು ಮಾಡಬೇಕಾ, ದಿನಕ್ಕೆ ಎಷ್ಟು ಸಲ ಅಂತ ನರ್ಸ್ ಹತ್ತಿರ ಕೇಳಿ, ಕೆಲವು ಕಡೆ ಬೇಡ ಅನ್ನುತ್ತಾರೆ. ಆಮೇಲೆ ಮುಚ್ಚಳ ತೆಗೆದು ದ್ರವವನ್ನು ಅಳತೆಯ ಕಪ್ಪಿಗೆ ಸುರಿಯಿರಿ. ಮುಚ್ಚಳದ ಒಳಭಾಗ ಮುಟ್ಟಬೇಡಿ. ಬುರುಡೆಯನ್ನು ಪೂರ್ತಿ ಅಮುಕಿ, ಅಮುಕಿದ ಹಾಗೆಯೇ ಮುಚ್ಚಳ ಹಾಕಿ. ಕೈ ಬಿಟ್ಟ ಮೇಲೂ ಅದು ಚಪ್ಪಟೆಯಾಗಿಯೇ ಇರಬೇಕು, ತಕ್ಷಣ ಉಬ್ಬಿಕೊಂಡರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಎಷ್ಟು ಎಂಎಲ್, ಯಾವ ಬಣ್ಣ, ಎಷ್ಟು ಗಂಟೆ ಅಂತ ಬರೆದಿಡಿ. ಎರಡು ಡ್ರೇನ್ ಇದ್ದರೆ ಬೇರೆ ಬೇರೆ ಬರೆಯಿರಿ.

ಮೊದಲು ಕೆಂಪಗೆ ಬರುತ್ತದೆ, ದಿನ ಕಳೆದ ಹಾಗೆ ಗುಲಾಬಿಯಾಗಿ ಆಮೇಲೆ ತಿಳಿ ಹಳದಿಗೆ ತಿರುಗುತ್ತದೆ. 24 ಗಂಟೆಯಲ್ಲಿ ಸುಮಾರು 30 ಎಂಎಲ್‌ಗಿಂತ ಕಡಿಮೆ ಬರಲಿಕ್ಕೆ ಶುರುವಾದರೆ ತೆಗೆಯುತ್ತಾರೆ, ಹೆಚ್ಚಾಗಿ ಒಂದೆರಡು ವಾರದೊಳಗೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಲೆಕ್ಕ ಸ್ವಲ್ಪ ಬೇರೆ ಇರುತ್ತದೆ. ಇದ್ದಕ್ಕಿದ್ದ ಹಾಗೆ ಕಡುಕೆಂಪು ರಕ್ತ ಬಂದು ಬುರುಡೆ ಬೇಗ ಬೇಗ ತುಂಬಿದರೆ, ಅಥವಾ ಚೆನ್ನಾಗಿ ಬರುತ್ತಿದ್ದದ್ದು ಥಟ್ಟನೆ ನಿಂತು ಎದೆ ಊದಿಕೊಂಡರೆ ಫೋನ್ ಮಾಡಿ.

ಈಗ ಮಾಡಬೇಕಾದ್ದು ಏನೆಂದರೆ, ಇದನ್ನು ಮನೆಯಲ್ಲಿ ಯಾರು ಮಾಡುತ್ತಾರೆ ಅಂತ ನಿರ್ಧರಿಸಿ. ರಕ್ತ ನೋಡಿದರೆ ತಲೆ ಸುತ್ತುವವರನ್ನು ಪ್ರೀತಿಗಾಗಿ ಈ ಕೆಲಸಕ್ಕೆ ಹಾಕಬೇಡಿ, ಅವರಿಗೆ ಅಡುಗೆ ಒಪ್ಪಿಸಿ. ನಮ್ಮ ಮನೆಯಲ್ಲಿ ಭಾವನಿಗೆ ಆಗಲಿಲ್ಲ, ನಾನೇ ಮಾಡಿದೆ, ಅಕ್ಕನೇ ನಾಲ್ಕು ದಿನದ ಮೇಲೆ "ನೀನು ಬಿಡು, ನಾನೇ ಮಾಡ್ಕೋತೀನಿ" ಅಂದಳು. ಬುರುಡೆ ಇಟ್ಟುಕೊಳ್ಳಲಿಕ್ಕೆ ಒಳಗಡೆ ಜೇಬಿರುವ ಅಂಗಿ, ಇಲ್ಲ ಸೊಂಟಕ್ಕೆ ಕಟ್ಟುವ ಸಣ್ಣ ಚೀಲ, ಏನೂ ಇಲ್ಲದಿದ್ದರೆ ಪಿನ್ನು. ಪಿನ್ನನ್ನು ಬುರುಡೆಯ ಮೇಲಿನ ಕೊಂಡಿಗೆ ಹಾಕಬೇಕು, ಟ್ಯೂಬಿಗೆ ಚುಚ್ಚಬಾರದು! ಸ್ನಾನ ಮಾಡುವಾಗ ಕೊರಳಿಗೆ ಒಂದು ದಾರ ಹಾಕಿ ಅದಕ್ಕೆ ತೂಗುಹಾಕಿಕೊಳ್ಳಬಹುದು.

ಮನೆ

ದಿನಾ ಬೇಕಾಗುವ ಸಾಮಾನುಗಳನ್ನು ಸೊಂಟದಿಂದ ಎದೆಯ ಮಟ್ಟದೊಳಗೆ ಇಳಿಸಿಡಿ. ಮೇಲಿನ ಅಟ್ಟದ ಡಬ್ಬಿಗೆ ಕೈ ಚಾಚುವುದು, ತುಂಬಿದ ಬಕೆಟ್ ಎತ್ತುವುದು ಕೆಲವು ವಾರ ಇಲ್ಲ. ಮುಂದೆ ಗುಂಡಿ ಅಥವಾ ಜಿಪ್ ಇರುವ ಸಡಿಲ ಬಟ್ಟೆ ನಾಲ್ಕೈದು ತೆಗೆದಿಡಿ, ತಲೆಯ ಮೇಲಿಂದ ಹಾಕಿಕೊಳ್ಳುವುದನ್ನು ಬೀರುವಿಗೆ ಸೇರಿಸಿ. ಕಂಬಿ ಇಲ್ಲದ, ಮುಂದೆ ಕೊಕ್ಕೆ ಇರುವ ಮೆತ್ತಗಿನ ಬ್ರಾ ಬೇಕಾ ಅಂತ ಸರ್ಜನ್ ಹತ್ತಿರ ಕೇಳಿಯೇ ತೆಗೆದುಕೊಳ್ಳಿ. ಮ್ಯಾಸ್ಟೆಕ್ಟಮಿ ಆದ ಮೇಲೆ ಮೊದಲು ಹಗುರವಾದ ಬಟ್ಟೆಯ ಕೃತಕ ಸ್ತನ, ಗಾಯ ಪೂರ್ತಿ ಮಾಗಿದ ಮೇಲೆ ಸಿಲಿಕೋನ್‌ನದು. ಈಗಲೇ ದುಡ್ಡು ಸುರಿದು ಕೊಳ್ಳಬೇಡಿ.

ದಿಂಬುಗಳು ಮಾತ್ರ ಎಷ್ಟಿದ್ದರೂ ಸಾಲದು. ಬೆನ್ನಿಗೆ ಎರಡು, ಕಂಕುಳ ಕೆಳಗೆ ಕೈ ಇಟ್ಟುಕೊಳ್ಳಲಿಕ್ಕೆ ಒಂದು ಚಿಕ್ಕದು, ಕಾರಿನಲ್ಲಿ ಸೀಟ್‌ಬೆಲ್ಟ್‌ಗೂ ಎದೆಗೂ ನಡುವೆ ಒಂದು. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ರಸ್ತೆಯ ಒಂದೊಂದು ಹಳ್ಳವೂ ಲೆಕ್ಕಕ್ಕೆ ಸಿಗುತ್ತದೆ. ಕೆಲವು ದಿನ ಮಲಗುವುದು ಅಂಗಾತವೇ, ಸ್ವಲ್ಪ ತಲೆ ಎತ್ತರಿಸಿ. ಹೊಟ್ಟೆಯ ಮೇಲೆ ಮಲಗುವ ಅಭ್ಯಾಸ ಇರುವವರು ಈಗಿಂದಲೇ ಬದಲಿಸಲಿಕ್ಕೆ ನೋಡಿ.

ಎತ್ತಿಕೊಳ್ಳಬೇಕಾದ ವಯಸ್ಸಿನ ಮಗು ಇದ್ದರೆ "ಅಮ್ಮನ ಎದೆಗೆ ಗಾಯ ಆಗಿರುತ್ತೆ, ನೀನು ಪಕ್ಕದಲ್ಲಿ ಕೂತ್ಕೋ, ಈ ಕಡೆ ಕೈ ಹಿಡ್ಕೋ" ಅಂತ ಮೊದಲೇ ಹೇಳಿ ಅಭ್ಯಾಸ ಮಾಡಿಸಿ. ಮಕ್ಕಳ ಹತ್ತಿರ ಪೂರ್ತಿ ಮುಚ್ಚಿಡುವುದರಿಂದ ಅವರಿಗೆ ಇನ್ನೂ ಜಾಸ್ತಿ ಹೆದರಿಕೆ.

ನೆಂಟರಿಷ್ಟರ ವಿಷಯ. ಸುದ್ದಿ ಹೇಳಲಿಕ್ಕೆ ಒಬ್ಬರನ್ನು ನೇಮಿಸಿಬಿಡಿ. ಎಲ್ಲರಿಗೂ ಅವರೇ ಒಂದು ಮೆಸೇಜ್ ಹಾಕಲಿ. ನೋಡಲಿಕ್ಕೆ ಬಂದವರು ತಮಗೆ ಗೊತ್ತಿದ್ದ ಯಾರೋ ಹೀಗೇ ಆಗಿ ಹೋದ ಕಥೆ ಹೇಳಲಿಕ್ಕೆ ಶುರು ಮಾಡಿದರೆ ಮಾತು ತಿರುಗಿಸುವ ಕೆಲಸವೂ ಅವರದ್ದೇ. ಸಹಾಯ ಮಾಡುತ್ತೇವೆ ಅಂದವರಿಗೆ ಸುಮ್ನೆ "ಆಯ್ತು" ಅನ್ನಬೇಡಿ, ಒಂದೊಂದು ಕೆಲಸ ಹಂಚಿಬಿಡಿ. ರಜೆಗೆ ಬೇಕಾದ ಪತ್ರ, ಇನ್ಶೂರೆನ್ಸ್‌ನವರ ಮುಂಗಡ ಒಪ್ಪಿಗೆ ಇವನ್ನು ನಿಮ್ಮ ತಲೆಗೆ ಹಾಕಿಕೊಳ್ಳದೆ ಬೇರೆಯವರಿಗೆ ಒಪ್ಪಿಸಿ.

ಹಿಂದಿನ ದಿನ, ಆ ದಿನ

ಕಂಕುಳನ್ನು ನೀವಾಗಿ ರೇಜರ್‌ನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಾಗಿ ನಂಜಾಗುವ ಅಪಾಯ ಇದೆ, ಬೇಕಾದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ. ಕ್ರಿಮಿನಾಶಕ ಸೋಪು ಕೊಟ್ಟಿದ್ದರೆ ಹೇಳಿದ ಹಾಗೆ ಸ್ನಾನ ಮಾಡಿ. ಆ ದಿನ ಪೌಡರ್, ಡಿಯೋಡರೆಂಟ್, ಕ್ರೀಮ್ ಏನೂ ಬೇಡ. ಉಗುರುಬಣ್ಣ ತೆಗೆಯಿರಿ, ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಿರುತ್ತಾರೆ. ಒಡವೆಗಳನ್ನೆಲ್ಲ ಮನೆಯಲ್ಲೇ ಬಿಡಿ. ಬೆರಳಿಂದ ಬರದ ಉಂಗುರ ಇದ್ದರೆ ಒಂದು ವಾರ ಮುಂಚೆಯೇ ಅದರ ದಾರಿ ನೋಡಿ.

ಊಟ-ತಿಂಡಿ ಸಾಮಾನ್ಯವಾಗಿ 6 ಗಂಟೆ ಮುಂಚೆ ನಿಲ್ಲಿಸಬೇಕು, ಎಣ್ಣೆ-ಜಿಡ್ಡಿನ ಊಟವಾದರೆ ಇನ್ನೂ ಮುಂಚೆ. ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಲಿಕ್ಕೆ ಎಷ್ಟೋ ಕಡೆ ಬಿಡುತ್ತಾರೆ. ಹಾಲು ಹಾಕಿದ ಕಾಫಿ-ಟೀ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕ. ನಿಮ್ಮ ಆಸ್ಪತ್ರೆ ಕೊಟ್ಟ ಸಮಯವೇ ಕೊನೆ ಮಾತು. ಹೆದರಿಕೊಂಡು ಹಿಂದಿನ ರಾತ್ರಿಯಿಂದಲೇ ಉಪವಾಸ ಕೂರುವುದು ಬೇಡ, ಗೊತ್ತಿಲ್ಲದೆ ಏನಾದರೂ ತಿಂದಿದ್ದರೆ ಮುಚ್ಚಿಡುವುದೂ ಬೇಡ.

ಬ್ಯಾಗ್‌ಗೆ ಹಳೆಯ ರಿಪೋರ್ಟ್‌ಗಳು, ಸ್ಕ್ಯಾನ್‌ಗಳು, ಮಾತ್ರೆಯ ಪಟ್ಟಿ, ಮುಂದೆ ಗುಂಡಿಯ ಅಂಗಿ, ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ, ಉದ್ದ ವೈರಿನ ಚಾರ್ಜರ್, ಚಿಕ್ಕ ದಿಂಬು. ಸಾಕು.

ಆಪರೇಷನ್‌ಗೆ ಮುಂಚೆ ಸರ್ಜನ್ ಬಂದು ಪೆನ್ನಿನಿಂದ ಯಾವ ಬದಿ ಅಂತ ಗುರುತು ಹಾಕುತ್ತಾರೆ. ಎಚ್ಚರ ಇದ್ದು ನೋಡಿಕೊಳ್ಳಿ. ಹೆಸರು, ಯಾವ ಬದಿ, ಏನು ಆಪರೇಷನ್ ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಕೇಳುತ್ತಾರೆ, ಇವರಿಗೇ ಗೊತ್ತಿಲ್ವಾ ಅಂತ ಸಿಟ್ಟು ಬರಬಹುದು. ತಪ್ಪಾಗದಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ತಪಾಸಣಾ ಪಟ್ಟಿಯಲ್ಲೇ ಈ ಪ್ರಶ್ನೆಗಳಿವೆ. ಕೇಳಿದಷ್ಟು ಸಲವೂ ಹೇಳಿ.

ಎಚ್ಚರವಾದ ಮೇಲೆ

ಗಂಟಲು ಕೆರೆತ, ನಡುಕ, ಓಕರಿಕೆ ಬರಬಹುದು, ಹೇಳಿದರೆ ಔಷಧಿ ಕೊಡುತ್ತಾರೆ. ಲಂಪೆಕ್ಟಮಿಯವರು ಎಷ್ಟೋ ಸಲ ಅದೇ ದಿನ ಮನೆಗೆ ಹೋಗುತ್ತಾರೆ, ಮ್ಯಾಸ್ಟೆಕ್ಟಮಿಯವರು ಒಂದೆರಡು ದಿನದಲ್ಲಿ, ಹೊಟ್ಟೆಯ ಮಾಂಸ ತಂದು ಕಟ್ಟಿಸಿಕೊಂಡವರು ಇನ್ನೂ ಕೆಲವು ದಿನ ಇರಬೇಕು. ಎದ್ದು ಓಡಾಡಿ ಅಂತ ಬೇಗನೆ ಎಬ್ಬಿಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ, ಸತಾಯಿಸಲಿಕ್ಕೆ ಅಲ್ಲ.

ತೋಳಿನ ಒಳಭಾಗದಲ್ಲಿ ಜೋಮು ಹಿಡಿದ ಹಾಗೆ, ಮುಟ್ಟಿದರೆ ಬೇರೆಯವರ ಚರ್ಮದ ಹಾಗೆ ಅನಿಸಬಹುದು. ಕಂಕುಳಲ್ಲಿ ಹಾದುಹೋಗುವ ಒಂದು ನರಕ್ಕೆ ಪೆಟ್ಟಾಗುವುದರಿಂದ ಹೀಗಾಗುತ್ತದೆ. ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಕೆಲವು ವಾರಗಳಲ್ಲಿ ಕಂಕುಳಿಂದ ತೋಳಿನುದ್ದಕ್ಕೂ ಚರ್ಮದಡಿ ದಾರ ಎಳೆದಂತೆ ಬಿಗಿಯಾಗಿ ಕಂಡರೆ ಗಾಬರಿ ಬೇಡ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ಅದಕ್ಕೆ ವ್ಯಾಯಾಮ ಇದೆ.

ನೋವಿನ ಮಾತ್ರೆಯನ್ನು ಹೇಳಿದ ಸಮಯಕ್ಕೆ ತೆಗೆದುಕೊಳ್ಳಿ, ನೋವು ತಡೆದುಕೊಂಡು ಯಾರಿಗೂ ಬಹುಮಾನ ಸಿಕ್ಕಿಲ್ಲ. ಜೋರು ನೋವಿನ ಮಾತ್ರೆಗಳು ಮಲ ಗಟ್ಟಿಮಾಡುತ್ತವೆ, ಅದಕ್ಕೆ ಔಷಧಿಯನ್ನು ಜೊತೆಗೇ ಬರೆಸಿಕೊಂಡು ಬನ್ನಿ. ಆ ಮಾತ್ರೆ ತೆಗೆದುಕೊಳ್ಳುವವರೆಗೆ ಗಾಡಿ ಓಡಿಸುವ ಹಾಗಿಲ್ಲ.

ಹಗಲು-ರಾತ್ರಿ ಎರಡಕ್ಕೂ ಫೋನ್ ನಂಬರ್ ಬರೆಸಿಕೊಂಡೇ ಆಸ್ಪತ್ರೆ ಬಿಡಿ. 38 ಡಿಗ್ರಿ ಸೆಲ್ಸಿಯಸ್ ಮೇಲೆ ಜ್ವರ, ಗಾಯದ ಸುತ್ತ ಹರಡುತ್ತಿರುವ ಕೆಂಪು, ಕೀವು, ಎದೆ ಇದ್ದಕ್ಕಿದ್ದ ಹಾಗೆ ಒಂದೇ ಕಡೆ ಉಬ್ಬುವುದು, ಇದಕ್ಕೆಲ್ಲ ಬೆಳಗಾಗಲಿ ಅಂತ ಕಾಯಬೇಡಿ. ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ, ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ನೇರವಾಗಿ ತುರ್ತು ವಿಭಾಗಕ್ಕೇ ಹೋಗಬೇಕು.

ತೆಗೆದ ಭಾಗದ ಪೂರ್ತಿ ರಿಪೋರ್ಟ್ ಬರಲಿಕ್ಕೆ ಸಾಮಾನ್ಯವಾಗಿ ಒಂದೆರಡು ವಾರ. ಅಂಚು ಸ್ವಚ್ಛ ಇದೆಯಾ, ಎಷ್ಟು ಗ್ರಂಥಿ ತೆಗೆದರು, ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು ಅನ್ನುವುದು ಅದರಲ್ಲಿ ಇರುತ್ತದೆ, ಮುಂದೆ ಕಿಮೊ, ರೇಡಿಯೇಷನ್, ಮಾತ್ರೆ ಬೇಕಾ ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಈ ಭೇಟಿಯ ತಾರೀಖನ್ನು ಆಪರೇಷನ್‌ಗೆ ಮುಂಚೆಯೇ ಕೇಳಿ ಗುರುತು ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ದಿನಾ ಫೋನ್ ಹಿಡಿದು ಕಾಯುವ ಹಾಗಾಗುತ್ತದೆ. ಹೋಗುವಾಗ ಮೊದಲ ಸಲ ಜೊತೆಗೆ ಬಂದು ಬರೆದುಕೊಂಡವರನ್ನೇ ಕರೆದುಕೊಂಡು ಹೋಗಿ, ಹಿಂದಿನದ್ದೆಲ್ಲ ಅವರಿಗೆ ಗೊತ್ತಿರುತ್ತದೆ. ರಿಪೋರ್ಟ್‌ನ ಒಂದು ಕಾಪಿ ಕೈಗೆ ಬರುವವರೆಗೆ ಏಳಬೇಡಿ.